ಪಿಕಪ್‌ನ ಲೋಡ್ ಬಾಡಿ ತುಕ್ಕು ಹಿಡಿದಾಗ: ಪುಟ್ಟಿ, ಅಂಟು, ಬೆಸುಗೆ, ಬದಲಿ – ಯಾವುದು ಎಲ್ಲಿಗೆ?

ಹಳೆಯ ಪಿಕಪ್ ಗಾಡಿಯ ಲೋಡ್ ಬಾಡಿಯಲ್ಲಿ ತುಕ್ಕು ಕಂಡಾಗ ಹೆಚ್ಚಿನವರು ಮೊದಲು ನೋಡುವುದು ತೂತಿನ ಗಾತ್ರವನ್ನು. ಸಣ್ಣದಾದರೆ ಪುಟ್ಟಿ ಸಾಕು, ದೊಡ್ಡದಾದರೆ ಬೆಸುಗೆ ಬೇಕು ಎಂಬ ಲೆಕ್ಕ ಕೇಳಲು ಸರಳವಾಗಿದೆ. ಆದರೆ ಮಾಡಿಸಿದ ದುರಸ್ತಿ ಎಷ್ಟು ಕಾಲ ಬಾಳುತ್ತದೆ ಎಂಬುದನ್ನು ಗಾತ್ರ ತೀರ್ಮಾನಿಸುವುದಿಲ್ಲ. ಅದನ್ನು ತೀರ್ಮಾನಿಸುವ ಸಂಗತಿಗಳು ಎರಡು: ತುಕ್ಕು ಹಿಡಿದ ತಗಡು ಭಾರ ಹೊರುವಂಥದೋ ಬರಿಯ ಹೊದಿಕೆಯೋ ಎಂಬುದು ಒಂದು, ಆ ತಗಡಿನ ಹಿಂಬದಿಯನ್ನು ನಾವು ತಲುಪಬಲ್ಲೆವೋ ಇಲ್ಲವೋ ಎಂಬುದು ಇನ್ನೊಂದು. ಈ ಎರಡರಲ್ಲಿ ಎರಡನೆಯದಕ್ಕೇ ಹೆಚ್ಚು ತೂಕ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮುಂದೆ ಬರುವ ಆಯ್ಕೆಗಳನ್ನೆಲ್ಲ ಆ ದೃಷ್ಟಿಯಿಂದಲೇ ಹೋಲಿಸಿದ್ದೇನೆ.

ಕಾರಣವಿಷ್ಟು. ಲೋಡ್ ಬಾಡಿಯ ತುಕ್ಕು ಬಹುಪಾಲು ಹೊರಗಿನಿಂದ ಒಳಕ್ಕೆ ಹೋಗುವುದಿಲ್ಲ, ಒಳಗಿನಿಂದ ಹೊರಕ್ಕೆ ಬರುತ್ತದೆ. ಚಕ್ರ ಎರಚುವ ಕೆಸರು ಚಕ್ರದ ಕಮಾನಿನ ಒಳತಗಡು ಮತ್ತು ಹೊರತಗಡು ಕೂಡುವ ಅಂಚಿನಲ್ಲಿ ಹೋಗಿ ಕೂರುತ್ತದೆ. ನೆಲದ ತಗಡಿಗೂ ಅದನ್ನು ಹೊತ್ತ ಅಡ್ಡಪಟ್ಟಿಗೂ ನಡುವೆ ಇರುವ ಕೂದಲೆಳೆಯಷ್ಟು ಸಂದಿಗೆ ನೀರು ತಾನಾಗಿಯೇ ಹೀರಿಕೊಂಡು ಹೋಗುತ್ತದೆ, ಆದರೆ ಗಾಳಿಯಾಡದ ಕಾರಣ ಅಲ್ಲಿಂದ ಬೇಗ ಆರುವುದಿಲ್ಲ. ಅದಕ್ಕೆ ಉಪ್ಪಿನಂಶ ಸೇರಿದರೆ ನೀರಿನ ವಿದ್ಯುದ್ವಾಹಕತೆ ಹೆಚ್ಚಿ ತುಕ್ಕು ಇನ್ನೂ ಬೇಗ ಹರಡುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ, ಒತ್ತಾಗಿ ಕೂಡಿಸಿದ ಎರಡು ತಗಡುಗಳನ್ನು ಅದು ಒಂದರಿಂದೊಂದು ದೂಡುತ್ತದೆ. ತಗಡುಗಳನ್ನು ಚುಕ್ಕೆ ಚುಕ್ಕೆಯಾಗಿ ಕೂಡಿಸಿದ ಸ್ಪಾಟ್ ಬೆಸುಗೆಗಳ ನಡುವೆ ತಗಡು ಉಬ್ಬುತ್ತದೆ, ಉಬ್ಬಿದ ಸಂದಿಗೆ ಇನ್ನಷ್ಟು ನೀರು ಸೇರುತ್ತದೆ. ಹೊರಗಿನ ಬಣ್ಣದ ಮೇಲೆ ನಾವು ಗುಳ್ಳೆಯನ್ನು ಕಾಣುವ ಹೊತ್ತಿಗೆ ಒಳಮೈ ಬಹಳಷ್ಟು ಸವೆದಿರುತ್ತದೆ. ಹೊರಮೈಯನ್ನಷ್ಟೇ ಚೊಕ್ಕ ಮಾಡಿದ ಯಾವ ದುರಸ್ತಿಯೂ ಆ ಒಳಮೈಯನ್ನು ಮುಟ್ಟಿರುವುದಿಲ್ಲ.

ಆಯ್ಕೆಗೆ ಮುನ್ನ ತಪಾಸಣೆ

ಪಕ್ಕದ ತಗಡುಗಳು ಹೊಸದಾಗಿದ್ದಾಗಲೂ ಸಾಮಾನ್ಯವಾಗಿ 0.7ರಿಂದ 1 ಮಿಲಿಮೀಟರ್ ದಪ್ಪ ಮಾತ್ರ. ನೆಲದ ತಗಡು ಅದಕ್ಕಿಂತ ತುಸು ದಪ್ಪವಾಗಿರುತ್ತದೆ. ಇಷ್ಟು ತೆಳುವಾದ ಉಕ್ಕಿನಲ್ಲಿ ಅರ್ಧದಷ್ಟು ಸವೆದರೆ ಬೆಸುಗೆಯ ಬಿಸಿ ತಾಳುವ ಲೋಹ ಅಲ್ಲಿ ಉಳಿದಿರುವುದಿಲ್ಲ. ಆದ್ದರಿಂದ ಗುಳ್ಳೆಯಿರುವ ಜಾಗದ ಸುತ್ತ ಸಣ್ಣ ಸುತ್ತಿಗೆಯಿಂದ ತಟ್ಟುತ್ತ ಹೋಗಬೇಕು. ಗಟ್ಟಿ ತಗಡು ಖಣಖಣ ಎನ್ನುತ್ತದೆ, ಸವೆದದ್ದು ಮಂಕಾದ ಸದ್ದು ಮಾಡುತ್ತದೆ. ಅನುಮಾನವಿದ್ದಲ್ಲಿ ಸ್ಕ್ರೂಡ್ರೈವರ್ ಮೊನೆಯಿಂದ ಒತ್ತಿ ನೋಡಬೇಕು. ಗಾಡಿ ಹಾಳಾದೀತೆಂದು ಇಲ್ಲಿ ಕೈ ಹಿಂದೆಗೆಯುವುದು ಬೇಡ, ಏಕೆಂದರೆ ಸ್ಕ್ರೂಡ್ರೈವರಿಗೆ ಮಣಿಯುವ ತಗಡು ಹೇಗೂ ಉಳಿಯುವಂಥದಲ್ಲ. ಹಿಂದಿನ ಮಾಲೀಕರು ಪುಟ್ಟಿ ತುಂಬಿ ಮುಚ್ಚಿಟ್ಟಿದ್ದರೆ ಅಯಸ್ಕಾಂತ ಅಲ್ಲಿ ಹಿಡಿಯದೆ ಅದನ್ನು ಹೇಳುತ್ತದೆ. ಅಯಸ್ಕಾಂತ ಎಲ್ಲಿಯೂ ಹಿಡಿಯದಿದ್ದರೆ ಮಾತ್ರ ಬೇರೆಯದನ್ನು ಯೋಚಿಸಬೇಕು: 2005ರ ಮಾದರಿಯಿಂದ ಟೊಯೊಟಾ ಟಕೋಮಾದ ಲೋಡ್ ಬಾಡಿಯ ತೊಟ್ಟಿ ಪ್ಲಾಸ್ಟಿಕ್ ಮಿಶ್ರಣದ್ದು, 2015ರ ಮಾದರಿಯಿಂದ ಫೋರ್ಡ್ ಎಫ್-150ರ ಬಾಡಿ ಅಲ್ಯೂಮಿನಿಯಂನದು. ಇಲ್ಲಿ ಹೇಳುತ್ತಿರುವುದು ಉಕ್ಕಿನ ಬಾಡಿಗೆ ಮಾತ್ರ ಅನ್ವಯಿಸುತ್ತದೆ.

ಬಳಿಕ ಗಾಡಿಯ ಅಡಿಗೆ ಹೋಗಿ ಅಡ್ಡಪಟ್ಟಿಗಳನ್ನೂ ಚಾಸಿಯನ್ನೂ, ಅಂದರೆ ಇಡೀ ಗಾಡಿಯನ್ನು ಹೊತ್ತ ಉಕ್ಕಿನ ಚೌಕಟ್ಟನ್ನೂ, ನೋಡಬೇಕು. ಚಾಸಿಯಿಂದಲೇ ತುಕ್ಕಿನ ಹಕ್ಕಳೆಗಳು ಏಳುತ್ತಿದ್ದರೆ, ಅಥವಾ ಅದರಲ್ಲಿ ತೂತು ಬಿದ್ದಿದ್ದರೆ, ಬಾಡಿಯ ಕೆಲಸವನ್ನು ಅಲ್ಲಿಗೇ ನಿಲ್ಲಿಸಬೇಕು. ಚಾಸಿಯ ದುರಸ್ತಿ ಬೇರೆಯದೇ ಕೆಲಸ. ಇಲ್ಲಿನ ಯಾವ ವಿಧಾನವೂ ಅದಕ್ಕೆ ಸಲ್ಲದು, ಮತ್ತು ಅದರ ಬಗ್ಗೆ ತಿಳಿದವರು ತೀರ್ಪು ಹೇಳುವ ತನಕ ಮೇಲಿನ ತಗಡಿಗೆ ಹಣ ಸುರಿಯುವುದರಲ್ಲಿ ಅರ್ಥವಿಲ್ಲ.

ಇನ್ನೊಂದು ನಿರ್ಧಾರವನ್ನು ಈ ಹಂತದಲ್ಲೇ ಮಾಡಬೇಕು: ಲೋಡ್ ಬಾಡಿಯನ್ನು ಚಾಸಿಯಿಂದ ಇಳಿಸಬೇಕೋ ಬೇಡವೋ ಎಂಬುದು. ಬಹುತೇಕ ಪಿಕಪ್‌ಗಳಲ್ಲಿ ಅದು ನಿಂತಿರುವುದು ಆರು ಅಥವಾ ಎಂಟು ಬೋಲ್ಟ್‌ಗಳ ಮೇಲೆ. ಹಿಂದಿನ ದೀಪಗಳ ತಂತಿ, ಇಂಧನ ತುಂಬುವ ಕೊಳವೆಯ ಬಾಯಿ ಇವನ್ನು ಬಿಚ್ಚಿ, ನಾಲ್ಕು ಮಂದಿ ಕೈಹಾಕಿದರೆ ಅಥವಾ ಚೈನ್ ಬ್ಲಾಕ್ ಇದ್ದರೆ ಇಳಿಸಬಹುದು. ತುಕ್ಕು ಹಿಡಿದ ಬೋಲ್ಟ್‌ಗಳು ಕಷ್ಟ ಕೊಡುತ್ತವೆ ನಿಜ, ಕೆಲವನ್ನು ಕತ್ತರಿಸಲೂ ಬೇಕಾಗುತ್ತದೆ. ಆದರೆ ನೆಲ, ಅಡ್ಡಪಟ್ಟಿ, ಕಮಾನು ಇವುಗಳಲ್ಲಿ ಯಾವುದಕ್ಕೆ ಬೆಸುಗೆ ಬೇಕಾದರೂ ಇಳಿಸುವುದೇ ಒಳ್ಳೆಯದೆಂದು ನಾನು ಹೇಳುತ್ತೇನೆ. ಇಳಿಸಿದ ಕೂಡಲೇ ಕೈಗೆ ಸಿಗದ ಹಿಂಬದಿಗಳಲ್ಲಿ ಬಹುಪಾಲು ಕೈಗೆ ಸಿಗುತ್ತವೆ, ಇಂಧನದ ಟ್ಯಾಂಕು ಮತ್ತು ಬ್ರೇಕ್ ಕೊಳವೆಗಳಿಂದ ಕಿಡಿಯೂ ದೂರವಾಗುತ್ತದೆ. ಇಳಿಸದೆ ಬೆಸುಗೆ ಮಾಡುವವರು ಬ್ಯಾಟರಿಯ ಸಂಪರ್ಕ ತೆಗೆದು, ಟ್ಯಾಂಕಿನ ಬಳಿಯ ಕೆಲಸವಾದರೆ ಟ್ಯಾಂಕನ್ನೇ ಕಳಚಿ, ಬೆಂಕಿ ಆರಿಸುವ ಸಾಧನವನ್ನು ಕೈಗೆಟಕುವಂತೆ ಇಟ್ಟುಕೊಂಡೇ ಶುರು ಮಾಡಬೇಕು.

ತೂತಾಗದ ತುಕ್ಕು: ತೆಗೆಯುವುದೋ ಮಾರ್ಪಡಿಸುವುದೋ

ತಗಡು ಇನ್ನೂ ಗಟ್ಟಿಯಿದ್ದು ಮೇಲ್ಮೈ ಮಾತ್ರ ಕೆಂಪಾಗಿದ್ದರೆ ಎರಡು ದಾರಿಗಳಿವೆ. ತುಕ್ಕನ್ನು ಹೊಳೆಯುವ ಉಕ್ಕು ಕಾಣುವ ತನಕ ಉಜ್ಜಿ ತೆಗೆದು, ಬಣ್ಣಕ್ಕೆ ಮುನ್ನ ಬಳಿಯುವ ರಾಳದ ಅಡಿಲೇಪವಾದ ಎಪಾಕ್ಸಿ ಪ್ರೈಮರ್ ಹಾಕುವುದು ಒಂದು. ಸಡಿಲವಾದದ್ದನ್ನಷ್ಟೇ ಕೆರೆದು, ಉಳಿದದ್ದರ ಮೇಲೆ ತುಕ್ಕು ಮಾರ್ಪಡಿಸುವ ದ್ರಾವಣ ಬಳಿಯುವುದು ಇನ್ನೊಂದು. ಈ ದ್ರಾವಣಗಳಲ್ಲಿ ಇರುವುದು ಸಾಮಾನ್ಯವಾಗಿ ಫಾಸ್ಫಾರಿಕ್ ಆಮ್ಲ ಅಥವಾ ಟ್ಯಾನಿಕ್ ಆಮ್ಲ. ಮೊದಲನೆಯದು ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಆಗಿಯೂ ಎರಡನೆಯದು ನೀಲಿಗಪ್ಪು ಬಣ್ಣದ ಟ್ಯಾನೇಟ್ ಆಗಿಯೂ ಬದಲಿಸುತ್ತವೆ. ಉಜ್ಜಲು ಸಾಧ್ಯವಿರುವಲ್ಲಿ ಮೊದಲ ದಾರಿಯೇ ಮೇಲು, ಏಕೆಂದರೆ ದ್ರಾವಣ ತನ್ನ ಕೈಗೆಟುಕಿದ ಪದರವನ್ನು ಮಾತ್ರ ಬದಲಿಸುತ್ತದೆ. ದಪ್ಪ ಹಕ್ಕಳೆಯ ಅಡಿಯಲ್ಲಿ ಹಳೆಯ ತುಕ್ಕು ಹಾಗೆಯೇ ಇರುತ್ತದೆ. ದ್ರಾವಣಕ್ಕೆ ನಿಜವಾದ ಸ್ಥಾನವಿರುವುದು ಗುಳಿಗುಳಿಯಾದ ಮೇಲ್ಮೈಯಲ್ಲಿ ಮತ್ತು ಬ್ರಷ್ ಹೋಗದ ಮೂಲೆಗಳಲ್ಲಿ. ಫಾಸ್ಫಾರಿಕ್ ಆಮ್ಲ ಬಳಸಿದ ಮೇಲೆ ಉಳಿಕೆಯನ್ನು ತಯಾರಕರು ಹೇಳಿದಂತೆ ತೊಳೆದು ಒಣಗಿಸದಿದ್ದರೆ ಮೇಲಿನ ಎಪಾಕ್ಸಿ ಸರಿಯಾಗಿ ಹಿಡಿಯುವುದಿಲ್ಲ.

ಉಜ್ಜುವ ಸಾಧನಗಳ ಬಗ್ಗೆ ಒಂದು ಮಾತು. ಗ್ರೈಂಡರಿನ ಗಟ್ಟಿ ಕಲ್ಲು ತುಕ್ಕಿನ ಜೊತೆಗೆ ಒಳ್ಳೆಯ ಉಕ್ಕನ್ನೂ ತಿನ್ನುತ್ತದೆ. ತಂತಿ ಬ್ರಷ್ ಉಕ್ಕನ್ನು ಉಳಿಸುತ್ತದೆ, ಆದರೆ ಗುಳಿಯೊಳಗಿನ ತುಕ್ಕನ್ನು ತೆಗೆಯುವ ಬದಲು ಅದಕ್ಕೆ ಹೊಳಪು ಕೊಟ್ಟು ನಮ್ಮನ್ನು ಮೋಸಗೊಳಿಸುತ್ತದೆ. ಸ್ಪಂಜಿನಂತೆ ಹೆಣೆದ ನೈಲಾನ್ ಬಿಲ್ಲೆಗಳು ಇವೆರಡರ ನಡುವಿನ ಒಳ್ಳೆಯ ಆಯ್ಕೆ. ಬ್ಲಾಸ್ಟಿಂಗ್, ಅಂದರೆ ಗಾಳಿಯ ಒತ್ತಡದಿಂದ ಒರಟು ಹರಳುಗಳನ್ನು ಚಿಮ್ಮಿಸುವುದು, ಗುಳಿಗಳನ್ನು ಚೊಕ್ಕ ಮಾಡುವುದರಲ್ಲಿ ಎಲ್ಲಕ್ಕಿಂತ ಮುಂದಿದೆ, ಆದರೂ ಅಗಲವಾದ ಪಕ್ಕದ ತಗಡಿನ ನಡುಭಾಗಕ್ಕೆ ಅದನ್ನು ಹೆಚ್ಚಿನ ಒತ್ತಡದಲ್ಲಿ ಬಿಟ್ಟರೆ ತಗಡು ಹಿಗ್ಗಿ ಸೊಟ್ಟಗಾಗುತ್ತದೆ. ಸಿಲಿಕಾ ಮರಳನ್ನು ಬ್ಲಾಸ್ಟಿಂಗಿಗೆ ಬಳಸಲೇಬಾರದು. ಅದರ ಧೂಳು ಶ್ವಾಸಕೋಶಕ್ಕೆ ಸಿಲಿಕೋಸಿಸ್ ಎಂಬ ರೋಗ ತರುತ್ತದೆ.

ತೂತು ಬಿದ್ದ ಮೇಲೆ: ಪುಟ್ಟಿ ಮತ್ತು ಫೈಬರ್

ಇದರ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಪಾಲಿಯೆಸ್ಟರ್ ಪುಟ್ಟಿ ಇರುವುದು ಗಟ್ಟಿ ತಗಡಿನ ಮೇಲಿನ ಸಣ್ಣ ಏರುಪೇರನ್ನು ಸಮ ಮಾಡಲಿಕ್ಕೆ. ಸುಮಾರು 3 ಮಿಲಿಮೀಟರಿಗಿಂತ ದಪ್ಪವಾಗಿ ಅದನ್ನು ನಂಬಬಾರದು. ಅದು ತೇವವನ್ನು ಹೀರುವ ವಸ್ತುವಾದ್ದರಿಂದ, ಹಿಂಬದಿ ತೆರೆದಿರುವ ತೂತಿಗೆ ತುಂಬಿದರೆ ಒಳಗಿನ ತೇವವನ್ನು ತೂತಿನ ಅಂಚಿಗೇ ತಂದು ಹಿಡಿದಿಡುತ್ತದೆ. ಗಾಜಿನ ನಾರಿನ ಹಾಳೆ ಮತ್ತು ರಾಳದ ತೇಪೆ ನೀರನ್ನು ಇದಕ್ಕಿಂತ ಚೆನ್ನಾಗಿ ತಡೆಯುತ್ತದೆ, ಆದರೆ ಅದರ ಅಂಚಿನ ಸುತ್ತ ಉಕ್ಕು ಸವೆಯುತ್ತ ಹೋಗಿ ಕೊನೆಗೆ ತೇಪೆ ಇಡಿಯಾಗಿ ಕಳಚುತ್ತದೆ. ಇನ್ನೊಂದೆರಡು ವರ್ಷದಲ್ಲಿ ಗಾಡಿಯನ್ನು ಬಿಡುವುದೆಂದು ನಿಶ್ಚಯಿಸಿದವರಿಗೆ, ಅದೂ ಹೊದಿಕೆಯ ತಗಡಿಗೆ ಮಾತ್ರ, ಇದು ಒಪ್ಪಬಹುದಾದ ತಾತ್ಕಾಲಿಕ ಉಪಾಯ. ಮಾರುವವರು ಅದನ್ನು ಕೊಳ್ಳುವವರಿಗೆ ಹೇಳಿಯೇ ಮಾರಬೇಕು.

ಅಂಟೋ ಬೆಸುಗೆಯೋ

ಹೋಲಿಕೆ ನಿಜವಾಗಿಯೂ ಕಠಿಣವಾಗುವುದು ಇಲ್ಲಿ. ಸವೆದ ಭಾಗವನ್ನು ಕತ್ತರಿಸಿ ತೆಗೆದು ಹೊಸ ಉಕ್ಕಿನ ತೇಪೆ ಹಾಕಬೇಕೆಂಬುದನ್ನು ಒಪ್ಪಿದ ಮೇಲೂ ಅದನ್ನು ಹೇಗೆ ಕೂಡಿಸಬೇಕೆಂಬ ಪ್ರಶ್ನೆ ಉಳಿಯುತ್ತದೆ, ಮತ್ತು ಬೆಸುಗೆಯೇ ಯಾವಾಗಲೂ ಶ್ರೇಷ್ಠವೆಂಬ ನಂಬಿಕೆಯನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ.

ಬೆಸುಗೆಯ ಬಲದ ಬಗ್ಗೆ ಎರಡು ಮಾತಿಲ್ಲ. ಆದರೆ ಉಕ್ಕು ಕರಗುವುದು ಸುಮಾರು 1500 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದರ ಮೇಲಿನ ಸತುವಿನ ಲೇಪ 907 ಡಿಗ್ರಿಯಲ್ಲೇ ಆವಿಯಾಗಿಬಿಡುತ್ತದೆ, ಬಣ್ಣ ಅದಕ್ಕೂ ಎಷ್ಟೋ ಮೊದಲು ಸುಟ್ಟುಹೋಗುತ್ತದೆ. ಅಂದರೆ ಪ್ರತಿಯೊಂದು ಬೆಸುಗೆಯ ಹಿಂದೆ, ನಮ್ಮ ಕಣ್ಣಿಗೆ ಬೀಳದ ಬದಿಯಲ್ಲಿ, ರಕ್ಷಣೆಯಿಲ್ಲದ ಬರಿಯ ಉಕ್ಕಿನ ಪಟ್ಟಿಯೊಂದು ಉಂಟಾಗುತ್ತದೆ. ಆ ಬದಿಗೆ ಮತ್ತೆ ಬಣ್ಣ ಹಚ್ಚಲು ಸಾಧ್ಯವಿದ್ದರೆ ತೊಂದರೆಯಿಲ್ಲ. ಸಾಧ್ಯವಿಲ್ಲದಿದ್ದರೆ ಮುಂದಿನ ತುಕ್ಕಿಗೆ ನಾವೇ ಜಾಗ ಮಾಡಿಕೊಟ್ಟಂತೆ, ಮತ್ತು ಅದು ಹಳೆಯ ತಗಡಿಗಿಂತಲೂ ಬೇಗ ತೂತಾಗಬಹುದು.

ಬಾಡಿ ತಗಡಿಗೆಂದೇ ತಯಾರಾಗುವ ಎರಡು ಭಾಗಗಳ ಅಂಟು ಈ ದೋಷದಿಂದ ಮುಕ್ತವಾಗಿದೆ. ಬಿಸಿಯಿಲ್ಲ, ತಗಡು ಸೊಟ್ಟಗಾಗುವುದಿಲ್ಲ, ಹಿಂಬದಿಯ ಲೇಪ ಉಳಿಯುತ್ತದೆ. ಎರಡು ತಗಡುಗಳ ನಡುವಿನ ಸಂದನ್ನು ಅಂಟೇ ತುಂಬಿ ನೀರಿಗೆ ದಾರಿಯಿಲ್ಲದಂತೆ ಮಾಡುತ್ತದೆ. ಅದಕ್ಕೂ ಮಿತಿಗಳಿವೆ. ಒಂದರ ಮೇಲೊಂದು ಜಾರುವಂತೆ ಎಳೆದರೆ ಅಂಟು ಗಟ್ಟಿಯಾಗಿ ತಾಳುತ್ತದೆ, ಆದರೆ ಅಂಚಿನಿಂದ ಸುಲಿದಂತೆ ಎಳೆದರೆ ಸೋಲುತ್ತದೆ. ಆದ್ದರಿಂದ ತಗಡುಗಳು ಸುಮಾರು 25 ಮಿಲಿಮೀಟರಿನಷ್ಟಾದರೂ ಒಂದರ ಮೇಲೊಂದು ಬರಬೇಕು. ಕೂಡುವ ಎರಡೂ ಮುಖಗಳು ಹೊಳೆಯುವ ಉಕ್ಕಾಗಿರಬೇಕು, ಅಂಟು ಗಟ್ಟಿಯಾಗುವ ತನಕ ಕ್ಲ್ಯಾಂಪ್ ಬಿಗಿದಿರಬೇಕು, ಪಕ್ಕದಲ್ಲಿ ಆಮೇಲೆ ಬೆಸುಗೆ ಮಾಡಕೂಡದು. ಕ್ಲ್ಯಾಂಪಿನಲ್ಲಿ ಅಂಟನ್ನೆಲ್ಲ ಹಿಂಡಿ ಹೊರಹಾಕುವಷ್ಟು ಬಿಗಿಯುವುದೂ ತಪ್ಪು. ಹಲವು ಅಂಟುಗಳಲ್ಲಿ ಸಣ್ಣ ಗಾಜಿನ ಮಣಿಗಳನ್ನು ಬೆರೆಸಿರುವುದೇ ನಡುವಿನ ಪದರ ಉಳಿಯಲೆಂದು. ಅಗಲವಾದ ಪಕ್ಕದ ತಗಡಿನ ನಟ್ಟನಡುವೆ ಅಂಟಿನ ಜೋಡಣೆ ಬಂದರೆ ಬಿಸಿಲು ಚಳಿಗೆ ಅದರ ಗೆರೆ ಬಣ್ಣದ ಮೇಲೆ ತೋರುವುದುಂಟು. ಹಾಗಾಗಿ ಜೋಡಣೆಯನ್ನು ತಗಡಿನ ಮಡಿಕೆಯ ಗೆರೆಗೆ ಅಥವಾ ಅಂಚಿಗೆ ಹೊಂದಿಸುವುದು ಜಾಣತನ.

ಇವೆಲ್ಲವನ್ನೂ ತೂಗಿ ನಾನು ಹೇಳುವುದಿಷ್ಟು. ಹೊರತಗಡಿನ ಹೊದಿಕೆ, ಅದರಲ್ಲೂ ಚಕ್ರದ ಕಮಾನಿನ ಅಂಚಿನಂತೆ ಹಿಂಬದಿ ಕೈಗೆ ಸಿಗದ ಜಾಗ, ಅಂಟಿಗೆ ಸೇರಿದ್ದು. ಅಡ್ಡಪಟ್ಟಿ, ನೆಲ, ಬೋಲ್ಟ್ ಕೂರುವ ಜಾಗ, ಹಿಂಬಾಗಿಲಿನ ಕೀಲು ನಿಲ್ಲುವ ಕಂಬ, ಹಗ್ಗ ಕಟ್ಟುವ ಕೊಂಡಿಗಳ ಬುಡ ಇವೆಲ್ಲ ಭಾರ ಮತ್ತು ಎಳೆತವನ್ನು ತಾಳಬೇಕಾದ್ದರಿಂದ ಬೆಸುಗೆಗೆ ಸೇರಿದ್ದು, ಅವುಗಳ ಹಿಂಬದಿಯನ್ನು ತಲುಪಲು ಎಷ್ಟೇ ಬಿಚ್ಚಬೇಕಾದರೂ ಸರಿಯೇ.

ರಿವೆಟ್ ಈ ಎರಡರ ನಡುವೆ ಬರುತ್ತದೆ ಎಂದು ಕೆಲವರು ಭಾವಿಸುತ್ತಾರೆ. ಅಂಟು ಗಟ್ಟಿಯಾಗುವ ತನಕ ತಗಡನ್ನು ಹಿಡಿದಿಡಲು ಅದು ಚೆನ್ನಾಗಿ ಒದಗುತ್ತದೆ. ಅದೊಂದನ್ನೇ ನಂಬಿದರೆ ಪ್ರತಿ ರಿವೆಟ್ಟೂ ನೀರಿಗೆ ಒಂದು ಹೊಸ ತೂತು. ಅಲ್ಯೂಮಿನಿಯಂ ರಿವೆಟ್ ಉಕ್ಕಿನ ಜೊತೆಗೆ ತೇವದಲ್ಲಿ ಕೂತರೆ ರಿವೆಟ್ಟೇ ಕರಗುತ್ತ ಹೋಗುತ್ತದೆ, ಆದ್ದರಿಂದ ಉಕ್ಕಿನದನ್ನೇ ಆರಿಸಬೇಕು.

ಬೆಸುಗೆಯಲ್ಲಿ ಯಾವ ಬಗೆ

ತೆಳು ತಗಡಿಗೆ ಮಿಗ್ ಬೆಸುಗೆ, ಅಂದರೆ ಯಂತ್ರವೇ ತಂತಿಯನ್ನು ಒದಗಿಸುತ್ತ ಅನಿಲದ ರಕ್ಷಣೆಯಲ್ಲಿ ಬೆಸೆಯುವ ವಿಧಾನ, ಎಲ್ಲರಿಗೂ ಹೊಂದುವ ಆಯ್ಕೆ. 0.6 ಮಿಲಿಮೀಟರಿನ ತಂತಿ, ಆರ್ಗಾನ್ ಮತ್ತು ಇಂಗಾಲದ ಡೈಆಕ್ಸೈಡಿನ ಮಿಶ್ರ ಅನಿಲ ಇವೆರಡಿದ್ದರೆ ಬಿಸಿ ಹತೋಟಿಯಲ್ಲಿರುತ್ತದೆ. ಒಳಗೆ ರಕ್ಷಕ ಪುಡಿ ತುಂಬಿದ, ಅನಿಲ ಬೇಡದ ಫ್ಲಕ್ಸ್ ತಂತಿ ಗಾಳಿಗೆ ಹೆದರುವುದಿಲ್ಲ, ಆದರೆ ಹೆಚ್ಚು ಬಿಸಿ ಮಾಡಿ ಹೆಚ್ಚು ಸಿಡಿಯುವುದರಿಂದ ತಗಡಿಗಿಂತ ಅಡ್ಡಪಟ್ಟಿಗೆ ಅದು ಹೆಚ್ಚು ಸೂಕ್ತ. ಟಂಗ್‌ಸ್ಟನ್ ಮೊನೆಯ ಕಿಡಿಯಿಂದ ಬೆಸೆಯುವ ಟಿಗ್ ಅತ್ಯಂತ ನಯವಾದ ಬೆಸುಗೆ ಕೊಡುತ್ತದೆ, ಅಷ್ಟೇ ನಿಧಾನ. ಉಳಿದ ತುಕ್ಕನ್ನೋ ಎಣ್ಣೆಯನ್ನೋ ಅದು ಸಹಿಸುವುದಿಲ್ಲವಾದ್ದರಿಂದ ಹಳೆಯ ಗಾಡಿಯ ಮೇಲೆ ತಾಳ್ಮೆಯನ್ನು ಪರೀಕ್ಷಿಸುತ್ತದೆ. ಗ್ಯಾಸ್ ಬೆಸುಗೆಯ ಬಿಸಿ ಅಗಲಕ್ಕೆ ಹರಡಿ ತಗಡನ್ನು ಸೊಟ್ಟಗೆ ಮಾಡುತ್ತದೆ. ಕಡ್ಡಿಯ ಆರ್ಕ್ ಬೆಸುಗೆಯನ್ನು 1 ಮಿಲಿಮೀಟರ್ ತಗಡಿನಿಂದ ದೂರವಿಡುವುದೇ ಕ್ಷೇಮ.

ಯಂತ್ರಕ್ಕಿಂತ ಕ್ರಮ ದೊಡ್ಡದು. ಸವೆದ ಜಾಗದಿಂದ ಕನಿಷ್ಠ 25 ಮಿಲಿಮೀಟರ್ ಆಚೆ, ಗಟ್ಟಿ ಉಕ್ಕು ಸಿಗುವ ತನಕ ಕತ್ತರಿಸಬೇಕು. ತೇಪೆಯ ದಪ್ಪ ಸುತ್ತಲಿನ ತಗಡಿಗೆ ಹೊಂದಬೇಕು. ಪಕ್ಕದ ತಗಡಿಗೆ 20 ಗೇಜ್, ಅಂದರೆ ಸುಮಾರು 0.9 ಮಿಲಿಮೀಟರ್, ನೆಲಕ್ಕೆ 18 ಗೇಜ್, ಅಂದರೆ ಸುಮಾರು 1.2 ಮಿಲಿಮೀಟರ್ ಹೆಚ್ಚಾಗಿ ಹೊಂದುತ್ತವೆ. ತೇಪೆಯ ಮೂಲೆಗಳನ್ನು ದುಂಡಗೆ ಮಾಡಿದರೆ ಅಲ್ಲಿಂದ ಬಿರುಕು ಹೊರಡುವುದಿಲ್ಲ. ಉದ್ದನೆಯ ಗೆರೆಯಂತೆ ಬೆಸುಗೆ ಎಳೆಯದೆ, ದೂರದೂರಕ್ಕೆ ಒಂದೊಂದು ಚುಕ್ಕೆ ಇಟ್ಟು, ತಗಡು ಕೈಗೆ ತಣ್ಣಗೆ ಹತ್ತಿದ ಮೇಲೆ ನಡುವೆ ಇನ್ನೊಂದು ಇಡುತ್ತ ಸುತ್ತನ್ನು ಪೂರೈಸಬೇಕು. ಅಂಚಿಗೆ ಅಂಚು ಕೂಡಿಸುವ ಜೋಡಣೆಯಲ್ಲಿ ನೀರು ನಿಲ್ಲುವ ಸಂದು ಉಳಿಯುವುದಿಲ್ಲ, ಆದರೆ ತೇಪೆಯನ್ನು ಬಹಳ ನಿಖರವಾಗಿ ಕತ್ತರಿಸಬೇಕಾಗುತ್ತದೆ. ಒಂದರ ಮೇಲೊಂದು ಇಟ್ಟು ಬೆಸೆಯುವುದು ಸುಲಭ, ಬಲವೂ ಹೆಚ್ಚು, ಆದರೆ ಹಿಂಬದಿಯಲ್ಲಿ ತುಟಿಯೊಂದು ಉಳಿದು ಅಲ್ಲಿ ಕೆಸರು ಕೂರುತ್ತದೆ. ನೆಲದ ಅಡಿಭಾಗಕ್ಕೆ ಎರಡನೆಯದನ್ನು ಸಂದು ಮುಚ್ಚುವ ಸೀಲರ್ ಜೊತೆಗೆ ಬಳಸಬಹುದು. ಕಣ್ಣಿಗೆ ಕಾಣುವ ಪಕ್ಕದ ತಗಡಿಗೆ ಮೊದಲನೆಯದರ ಶ್ರಮ ಸಾರ್ಥಕ.

ಸತುವಿನ ಲೇಪವಿರುವ ತಗಡಾದರೆ ಬೆಸುಗೆಯ ಜಾಗದಲ್ಲಿ ಲೇಪವನ್ನು ಉಜ್ಜಿ ತೆಗೆದು, ಗಾಳಿಯಾಡುವಲ್ಲಿ ಕೆಲಸ ಮಾಡಬೇಕು. ಸತುವಿನ ಹೊಗೆ ಜ್ವರ ತರುತ್ತದೆ. ಇದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ: ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ಒರೆಸಿದ ಲೋಹದ ಮೇಲೆ ಬೆಸುಗೆ ಮಾಡಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ, ಅದು ಪ್ರಾಣವನ್ನೇ ತೆಗೆಯಬಲ್ಲದು. ಡಬ್ಬಿಯ ಮೇಲಿನ ಬರಹವನ್ನು ಓದದೆ ಯಾವ ಕ್ಲೀನರನ್ನೂ ಬೆಸುಗೆಗೆ ಮುನ್ನ ಬಳಸಬೇಡಿ.

ನೆಲಕ್ಕೆ ಹೊಸ ತಗಡೋ, ಮೇಲೊಂದು ಪ್ಲೇಟೋ

ಸವೆದ ನೆಲದ ಮೇಲೆ ದಪ್ಪ ಪ್ಲೇಟ್ ಹಾಸಿ ಅಂಚು ಬೆಸೆಯುವ ರೂಢಿ ಬಹಳ ಕಡೆ ಇದೆ. ಬೇಗ ಮುಗಿಯುತ್ತದೆ, ತುಳಿದರೆ ಗಟ್ಟಿಯಾಗಿಯೂ ಇರುತ್ತದೆ. ಆದರೆ ಉಕ್ಕಿನ ತೂಕದ ಲೆಕ್ಕ ನೋಡಿ: 2 ಮಿಲಿಮೀಟರ್ ದಪ್ಪದ ಪ್ಲೇಟ್ ಚದರ ಮೀಟರಿಗೆ 15.7 ಕಿಲೋ ತೂಗುತ್ತದೆ, 3 ಚದರ ಮೀಟರಿನ ನೆಲಕ್ಕೆ ಸುಮಾರು 47 ಕಿಲೋ. ಅಷ್ಟು ಸರಕನ್ನು ಗಾಡಿ ಶಾಶ್ವತವಾಗಿ ಹೊರಬೇಕು. ತೂಕಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಎರಡು ಪದರಗಳ ನಡುವಿನ ಸಂದು. ತುಕ್ಕಿಗೆ ಕಾರಣವಾದ ಸಂಗತಿಯನ್ನೇ ಇಡೀ ನೆಲದಗಲಕ್ಕೆ ಹಬ್ಬಿಸಿದಂತಾಗುತ್ತದೆ, ಮತ್ತು ಅಡ್ಡಪಟ್ಟಿ ಸವೆದಿದ್ದರೆ ಅದರ ಸ್ಥಿತಿ ಕಣ್ಣಿಗೆ ಕಾಣದಂತೆ ಮರೆಯಾಗುತ್ತದೆ. ಎರಡಕ್ಕಿಂತ ಹೆಚ್ಚು ಅಡ್ಡಪಟ್ಟಿಗಳು ಹಾಳಾಗಿದ್ದರೆ ಅಡ್ಡಪಟ್ಟಿಗಳ ಸಮೇತ ನೆಲವನ್ನು ಬದಲಿಸುವುದೇ ಮೇಲು.

ನೆಲ, ಎರಡೂ ಕಮಾನು, ಅಡ್ಡಪಟ್ಟಿ ಎಲ್ಲವೂ ಒಟ್ಟಿಗೆ ಹೋಗಿದ್ದರೆ ತೇಪೆಯ ಮಾತನ್ನು ಬಿಟ್ಟು ಇಡೀ ಲೋಡ್ ಬಾಡಿಯನ್ನು ಬದಲಿಸುವ ಬಗ್ಗೆ ಯೋಚಿಸಬೇಕು. ಬೇರೆ ಗಾಡಿಯಿಂದ ಕಳಚಿದ ಬಾಡಿ ಸಿಕ್ಕರೆ, ಅದು ಅದೇ ಮಾದರಿಯದೋ, ಬೋಲ್ಟಿನ ಜಾಗಗಳೂ ಇಂಧನದ ಬಾಯಿಯೂ ಹೊಂದುತ್ತವೆಯೋ ಎಂದು ಅಳೆದು, ಈ ಮೊದಲು ಹೇಳಿದ ತಪಾಸಣೆಯನ್ನೇ ಅದರ ಮೇಲೂ ನಡೆಸಬೇಕು. ಹೊಸ ಬಣ್ಣ ಬಳಿದು ಮಾರಾಟಕ್ಕಿಟ್ಟ ಹಳೆಯ ಬಾಡಿಯ ಬಗ್ಗೆ ಅನುಮಾನ ಹೆಚ್ಚಿರಲಿ. ಬರಿಯ ಸರಕು ಹೊರುವ ಗಾಡಿಗೆ ಪಕ್ಕದ ತಗಡುಗಳೇ ಇಲ್ಲದ ಸಮತಟ್ಟು ಹಲಗೆಯ ಬಾಡಿ ಒಳ್ಳೆಯ ಪರ್ಯಾಯ: ಅದರಲ್ಲಿ ಎರಡು ಪದರಗಳ ಟೊಳ್ಳುಗಳು ಕಡಿಮೆ, ಅಡಿಭಾಗವೆಲ್ಲ ಕೈಗೆ ಸಿಗುತ್ತದೆ. ಅಲ್ಯೂಮಿನಿಯಂನದನ್ನು ಆರಿಸಿದರೆ ಉಕ್ಕಿನ ಚಾಸಿಗೂ ಅದಕ್ಕೂ ನಡುವೆ ರಬ್ಬರಿನ ಅಥವಾ ಪ್ಲಾಸ್ಟಿಕಿನ ಪದರ ಕಡ್ಡಾಯ, ಇಲ್ಲದಿದ್ದರೆ ಕೂಡುವಲ್ಲೆಲ್ಲ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಬಾಡಿಯ ಆಕಾರ ಬದಲಾದಾಗ ನೋಂದಣಿಯ ದಾಖಲೆಯಲ್ಲಿ ತಿದ್ದುಪಡಿ ಬೇಕಾದೀತು; ಕೆಲಸಕ್ಕೆ ಮುನ್ನ ಕೇಳಿ ತಿಳಿಯುವುದು ಒಳ್ಳೆಯದು.

ಕೊನೆಯ ಪದರಗಳು

ಬರಿಯ ಉಕ್ಕಿನ ಮೇಲೆ ಮೊದಲು ಬರಬೇಕಾದದ್ದು ಎಪಾಕ್ಸಿ ಪ್ರೈಮರ್. ಬೇಗ ಒಣಗುವ ಸಾಮಾನ್ಯ ಪ್ರೈಮರುಗಳು ತೇವವನ್ನು ಒಳಬಿಡುವುದರಿಂದ ಅವುಗಳ ಮೇಲೆ ಬಣ್ಣ ಬೀಳದೆ ಗಾಡಿ ಮಳೆಯಲ್ಲಿ ನಿಂತರೆ ಮಾಡಿದ ಕೆಲಸ ಅಡಿಯಿಂದಲೇ ಕೆಡುತ್ತದೆ. ತುಕ್ಕಿನ ಮೇಲೆಯೇ ಹಿಡಿಯುವ, ಗಾಳಿಯ ತೇವದಿಂದ ಗಟ್ಟಿಯಾಗುವ ಯುರಿಥೇನ್ ಲೇಪಗಳು ಅಡಿಭಾಗಕ್ಕೆ ಒಳ್ಳೆಯವು. ಅವುಗಳಲ್ಲಿ ಹಲವು ಬಿಸಿಲನ್ನು ತಾಳವು, ಹಾಗಾಗಿ ಬಿಸಿಲು ಬೀಳುವಲ್ಲಿ ಮೇಲೊಂದು ಬಣ್ಣ ಬೇಕು. ಗಟ್ಟಿಕಾರಕ ಬೆರೆಸುವ ಯುರಿಥೇನ್ ಬಣ್ಣಗಳಲ್ಲಿ ಉಸಿರಾಟಕ್ಕೆ ಅಪಾಯಕಾರಿಯಾದ ಐಸೊಸಯನೇಟ್ ಎಂಬ ರಾಸಾಯನಿಕ ಇರುತ್ತದೆ. ಧೂಳಿನ ಮುಖಗವಸು ಅದಕ್ಕೆ ಸಾಲದು, ಸಿಂಪಡಿಸುವವರಿಗೆ ಹೊರಗಿನಿಂದ ಶುದ್ಧ ಗಾಳಿ ಒದಗಿಸುವ ಮುಖಕವಚ ಬೇಕು.

ನೆಲಕ್ಕೆ ಪ್ಲಾಸ್ಟಿಕ್ ತೊಟ್ಟಿಯನ್ನು ಇಡುವುದೋ ಸಿಂಪಡಿಸುವ ಲೈನರ್ ಹಾಕಿಸುವುದೋ ಎಂದು ಕೇಳಿದರೆ ನಾನು ಎರಡನೆಯದನ್ನೇ ಹೇಳುತ್ತೇನೆ. ಇಡುವ ತೊಟ್ಟಿ ಅಲುಗಾಡುತ್ತ ಬಣ್ಣವನ್ನು ಕೆರೆದು, ಅಡಿಯಲ್ಲಿ ನೀರನ್ನು ಹಿಡಿದಿಡುತ್ತದೆ. ಸಿಂಪಡಿಸಿದ್ದು ತಗಡಿಗೇ ಹತ್ತಿಕೊಳ್ಳುತ್ತದೆ. ಅಡಿಯಲ್ಲಿ ತುಕ್ಕು ಉಳಿಸಿ ಲೈನರ್ ಸಿಂಪಡಿಸಿದರೆ ಮಾತ್ರ ಅದು ತುಕ್ಕನ್ನು ಮರೆಮಾಡುವ ಮುಚ್ಚಳವಾಗಿಬಿಡುತ್ತದೆ.

ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ ಟೊಳ್ಳುಗಳಿಗೆ ಮೇಣದ ಸರದಿ. ಪಕ್ಕದ ತಗಡುಗಳ ನಡುವೆ, ಕಮಾನಿನ ಅಂಚಿನ ಹಿಂದೆ, ಹಿಂಬಾಗಿಲಿನ ಒಳಗೆ ಉದ್ದನೆಯ ಕೊಳವೆಯಿಂದ ಟೊಳ್ಳಿಗೆಂದೇ ಇರುವ ಮೇಣವನ್ನು ಸಿಂಪಡಿಸಬೇಕು. ದೀಪದ ಗೂಡನ್ನು ಬಿಚ್ಚಿದರೆ ಕೊಳವೆಗೆ ಹೆಚ್ಚಾಗಿ ದಾರಿ ಸಿಗುತ್ತದೆ. ದಾರಿಯೇ ಇಲ್ಲದಲ್ಲಿ ಅಡಿಯಿಂದ ಸಣ್ಣ ತೂತು ಕೊರೆದು, ಅದರ ಅಂಚಿಗೆ ಬಣ್ಣ ಹಚ್ಚಿ, ರಬ್ಬರ್ ಬಿರಡೆ ಹಾಕಬಹುದು. ಬೆಸುಗೆ ಬಾಕಿಯಿರುವಾಗ ಮೇಣ ಹೊಡೆಯಬಾರದು, ಅದು ಹೊತ್ತಿಕೊಳ್ಳುತ್ತದೆ. ಮೇಣ ಹೊಡೆದ ಮರುದಿನ ಹಿಂಬಾಗಿಲಿನ ಕೆಳಅಂಚಿನಲ್ಲೂ ಪಕ್ಕದ ತಗಡಿನ ಬುಡದಲ್ಲೂ ಇರುವ ನೀರಿನ ತೂತುಗಳನ್ನು ತಂತಿಯಿಂದ ಚುಚ್ಚಿ ತೆರೆದಿಡಬೇಕು, ಮತ್ತು ಪ್ರತಿ ಮಳೆಗಾಲ ಮುಗಿದ ಮೇಲೆ ಅವನ್ನು ಮತ್ತೊಮ್ಮೆ ನೋಡಬೇಕು.